ಕೂಸಿನ ದಿಂಬಿಗೆ ಜಗಳೂರಿನ ರಾಗಿ

ಮೊನ್ನೆ ಮಫ್ಲರ್ ಹುಡುಕುತ್ತಾ ಬೀರುವಿನ ಕೆಳಗಿನ ಅರೆಗೆ ಕೈ ಹಾಕಿದಾಗ ಒಂದು ಪುಟ್ಟ ದಿಂಬಿನ ಚೀಲ ಸಿಕ್ಕಿತು. ಎರಡು ಅಂಗೈ ಅಗಲ ಇರಬಹುದು. ಬಿಳಿ ಖಾದಿ ಬಟ್ಟೆ, ಮೂರು ಕಡೆ ನನ್ನದೇ ಕೈಹೊಲಿಗೆ, ನಾಲ್ಕನೆಯ ಕಡೆ ಕತ್ತರಿಯಿಂದ ಬಿಚ್ಚಿದ ಗುರುತು. ಒಂದು ಮೂಲೆಯಲ್ಲಿ ಹಸಿರು ದಾರದ ಗಿಳಿ. ಅದೂ ನನ್ನದೇ ಕಸೂತಿ. ನನ್ನ ಹೆಂಡತಿ ಸರೋಜ ಮಾತ್ರ ಅದನ್ನು ಇವತ್ತಿಗೂ ಕಪ್ಪೆ ಎಂದೇ ಕರೆಯುತ್ತಾಳೆ.

ಈ ಚೀಲದ ಕಥೆಯನ್ನು ಹೊನ್ನಾಳಿಯ ನಮ್ಮ ಬೀದಿಯವರೆಲ್ಲ ಸರೋಜಳ ಬಾಯಲ್ಲಿ ಕೇಳಿದ್ದಾರೆ. ಅವಳು ಹೇಳುವಾಗ ನಾನು ಶುದ್ಧ ಪೆದ್ದನಾಗಿ ಕಾಣುತ್ತೇನೆ. ನಾನೇ ಹೇಳಿಬಿಟ್ಟರೆ ಒಂದಿಷ್ಟು ಕಡಿಮೆ ಪೆದ್ದನಾಗಿ ಕಾಣಬಹುದೇನೋ ಎಂಬ ಆಸೆಯಿಂದ ಬರೆಯಲು ಕುಳಿತಿದ್ದೇನೆ. ಓದಿದ ಮೇಲೆ ನೀವೇ ತೀರ್ಮಾನ ಮಾಡಿ.

ಹಾಸಿಗೆ, ದಿಂಬುಗಳ ವಿಷಯದಲ್ಲಿ ನನಗೆ ಮೊದಲಿನಿಂದಲೂ ಒಂದು ಹುಚ್ಚು. ನಾನು ಹುಟ್ಟಿ ಬೆಳೆದದ್ದು ನ್ಯಾಮತಿಯಲ್ಲಿ. ಅಪ್ಪನದು ಸೈಕಲ್ ಶಾಪು. ಮನೆಯಲ್ಲಿ ಇದ್ದದ್ದು ಒಂದು ಅಡುಗೆ ಕೋಣೆ, ಇನ್ನೊಂದು ಉಳಿದೆಲ್ಲದರ ಕೋಣೆ. ಆ ಇನ್ನೊಂದರಲ್ಲಿ ನಾವು ಆರು ಜನ ಸಾಲಾಗಿ ಮಲಗುತ್ತಿದ್ದೆವು. ಕೆಳಗೆ ಈಚಲು ಚಾಪೆ, ಮೇಲೆ ಅವ್ವ ಹೊಲಿದ ಕೌದಿ. ಬೆಳಿಗ್ಗೆ ಎದ್ದಾಗ ಎಡಗೆನ್ನೆಯ ಮೇಲೆ ಚಾಪೆಯ ಹೆಣಿಗೆ ಅಚ್ಚೊತ್ತಿರುತ್ತಿತ್ತು. ನಾನು ಅಪ್ಪನ ಶೇವಿಂಗ್ ಕನ್ನಡಿಯ ಮುಂದೆ ನಿಂತು ಆ ಗೆರೆಗಳನ್ನು ಎಣಿಸುತ್ತಿದ್ದೆ. ಮುಂದೆ ನಾನು ಡ್ರಾಯಿಂಗ್ ಮೇಷ್ಟ್ರಾದದ್ದಕ್ಕೆ ಅದೇ ಮೊದಲ ಪಾಠ ಎಂದು ನನ್ನ ನಿವೃತ್ತಿಯ ಭಾಷಣದಲ್ಲಿ ಹೇಳಿದ್ದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಊಟದ ಹೊತ್ತಾಗಿತ್ತು.

ಕೌದಿಯ ವಿಷಯಕ್ಕೆ ಬಂದರೆ ಅದೊಂದು ದೊಡ್ಡ ಜಗಳದ ಮೂಲ. ಅವ್ವ ಮನೆಯ ಹಳೇ ಬಟ್ಟೆಗಳನ್ನೆಲ್ಲ ತುಂಡು ಮಾಡಿ ಜೋಡಿಸಿ ಹೊಲಿಯುತ್ತಿದ್ದಳು. ಅಜ್ಜಿಯ ಸೀರೆಯ ತುಂಡು ಬಂದ ಕಡೆ ನುಣುಪು, ತಂಪು. ಅಪ್ಪನ ಖಾಕಿ ಚಡ್ಡಿಯ ತುಂಡು ಬಂದ ಕಡೆ ಒರಟು, ಅದಕ್ಕೆ ಗ್ರೀಸಿನ ವಾಸನೆ ಬೇರೆ. ಅಜ್ಜಿಯ ಸೀರೆ ನನ್ನ ಕಡೆ ಬರಬೇಕೆಂದು ನಾನು, ತನ್ನ ಕಡೆ ಬರಬೇಕೆಂದು ನನ್ನ ಅಕ್ಕ, ಇಬ್ಬರೂ ಎಳೆದಾಡಿ ಅವ್ವನ ಕೈಯಲ್ಲಿ ಏಟು ತಿನ್ನುತ್ತಿದ್ದೆವು. ಒಂದು ಸಲ ಅವ್ವ ಅವಸರದಲ್ಲಿ ಚಡ್ಡಿಯ ಜೇಬನ್ನು ಬಿಚ್ಚದೆ ಹಾಗೇ ಕೌದಿಗೆ ಸೇರಿಸಿಬಿಟ್ಟಳು. ಕೌದಿಗೆ ಜೇಬು! ನಾವು ಅದರಲ್ಲಿ ಹುರಿದ ಶೇಂಗಾ ಬಚ್ಚಿಟ್ಟುಕೊಂಡು ಹೊದಿಕೆಯೊಳಗೆ ತಿನ್ನುತ್ತಿದ್ದೆವು. ವಾರದೊಳಗೆ ಇರುವೆಗಳಿಗೂ ವಿಷಯ ತಿಳಿಯಿತು. ಅಪ್ಪ ನಿದ್ದೆಯಲ್ಲೇ ಎದ್ದು ಕುಣಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕಂಬಳಿ ನನ್ನ ಬಾಳಿಗೆ ಬಂದದ್ದು ಮದುವೆಯ ಜೊತೆ. ಸರೋಜಳ ತವರು ಜಗಳೂರಿನ ಹತ್ತಿರದ ಹಳ್ಳಿ. ಮೆಕ್ಕೆಜೋಳ, ಶೇಂಗಾ, ಒಂದಿಷ್ಟು ರಾಗಿ, ಜೊತೆಗೆ ಕುರಿ. ಮೊದಲ ಸಲ ಅಳಿಯನಾಗಿ ಹೋದಾಗ ಮನೆಯ ಕುರಿಗಳ ಉಣ್ಣೆಯಿಂದ ನೇಯಿಸಿದ ಹೊಸ ಕಂಬಳಿಯನ್ನು ನನಗೆಂದೇ ಹಾಸಿದರು. ಹುಣಸೆ ಬೀಜದ ಗಂಜಿ ಕುಡಿದ ಹೊಸ ಕಂಬಳಿ ಎಷ್ಟು ಬಿರುಸಾಗಿರುತ್ತದೆ ಎಂಬುದು ಮಲಗಿದವರಿಗೇ ಗೊತ್ತು. ಮೈಯೆಲ್ಲ ಚುಚ್ಚಿ ನಾನು ಹಾಸಿಗೆಯ ಮೇಲೆ ಹಪ್ಪಳದಂತೆ ಹೊರಳಿದೆ. ಬೆಳಿಗ್ಗೆ ಮಾವ ಬಂದು, “ನಿದ್ದಿ ಚೆನ್ನಾಗಿ ಬಂತಾ ಅಳಿಯಂದ್ರೆ?” ಎಂದು ಕೇಳಿದರು. ನಾನು ಬೆನ್ನು ಕೆರೆದುಕೊಳ್ಳುತ್ತಲೇ, “ಭಾಳ ಚೆನ್ನಾಗಿ ಬಂತು ಮಾವ” ಎಂದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ ಹೊರಡುವಾಗ ಇನ್ನೂ ಎರಡು ಕಂಬಳಿ ಕಟ್ಟಿಕೊಟ್ಟರು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನಿವೃತ್ತಿಯಾದ ಮೇಲೆ ನನ್ನ ಹಳೆಯ ಹುಚ್ಚು ಕೆರಳಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಮಾತಾಡಿದವನಿಗೆ ಒಮ್ಮೆಲೇ ಕೇಳುವವರಿಲ್ಲದಂತಾದರೆ ಏನು ಮಾಡಬೇಕು? ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಓದಿ ಮನೆಯವರಿಗೆ ಪಾಠ ಮಾಡತೊಡಗಿದೆ. ಸ್ಪಂಜಿನ ಹಾಸಿಗೆಯಲ್ಲಿ ಕೆಮಿಕಲ್ ಇದೆ ಎಂದು ಅದನ್ನು ಹೊರಗೆ ಹಾಕಿಸಿದೆ. ಪ್ಲಾಸ್ಟಿಕ್ ಚಾಪೆಗಳನ್ನು ಮಹಡಿಗೆ ಸಾಗಿಸಿದೆ. ಬೂರುಗದ ಹತ್ತಿಯ ದಿಂಬು ಮಾಡಿಸಿದೆ. ಅದರ ಹತ್ತಿ ಹಾರಿ ಸರೋಜ ಎರಡು ದಿನ ಸೀನಿದಳು. “ಇದು ನೈಸರ್ಗಿಕ ಸೀನು, ಒಳ್ಳೇದು” ಎಂದು ನಾನು ಹೇಳಿದ್ದು ಹೌದು. ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ ಎಂಬುದೂ ಹೌದು.

ಹೀಗಿರುವಾಗ ಮಗಳು ಸೌಮ್ಯ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳನ್ನು ಕೊಟ್ಟಿರುವುದು ಚನ್ನಗಿರಿ ತಾಲ್ಲೂಕಿನ ಉಬ್ರಾಣಿಗೆ. ಜೂನ್ ತಿಂಗಳ ಮೊದಲ ವಾರ ಹೆಣ್ಣು ಕೂಸು ಹುಟ್ಟಿತು. ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದರು. ಎಲ್ಲರೂ ಸಂತೋಷವಾಗಿದ್ದರು, ನನ್ನೊಬ್ಬನನ್ನು ಬಿಟ್ಟು. ಕೂಸಿನ ತಲೆ ಉದ್ದವಾಗಿತ್ತು.

ನಗಬೇಡಿ. ಎಂಟನೇ ಕ್ಲಾಸಿನ ಮಕ್ಕಳಿಂದ ಮೂವತ್ತೊಂದು ವರ್ಷ ಕಂಪಾಸಿಲ್ಲದೆ ವೃತ್ತ ಬರೆಸಿದವನು ನಾನು. ವೃತ್ತ ಚೂರು ಸೊಟ್ಟಗಾದರೂ ನನಗೆ ಊಟ ಸೇರುತ್ತಿರಲಿಲ್ಲ. ಈಗ ಸ್ವಂತ ಮೊಮ್ಮಗಳ ತಲೆ ಹಿಂದಕ್ಕೆ ಎಳೆದಂತೆ ಕಾಣುತ್ತಿದ್ದರೆ ಹೇಗಾಗಬೇಡ? “ಪರಂಗಿ ಕಾಯಿ ಇದ್ದಂಗೈತಲ್ಲೇ” ಎಂದು ಬಾಯಿ ತಪ್ಪಿ ಅಂದುಬಿಟ್ಟೆ.

ಸರೋಜ ನನ್ನನ್ನು ಆಸ್ಪತ್ರೆಯ ಪಡಸಾಲೆಗೆ ಎಳೆದುಕೊಂಡು ಹೋದಳು. “ಹುಟ್ಟಿದ ಕೂಸಿನ ತಲೆ ಹಂಗೇ ಇರ್ತೈತೆ ಕಣ್ರೀ. ತಾನೇ ಸರಿ ಹೋಗ್ತೈತೆ. ಬಾಣಂತಿ ಮುಂದೆ ಇಂಥಾ ಮಾತು ಆಡಬ್ಯಾಡ್ರಿ.”

“ಸರಿ ಹೋಗದಿದ್ರೆ?”

“ನಿಮ್ಮ ತಲೆ ಏನು ದುಂಡಗೈತಾ? ನಿಮಗೆ ಹೆಣ್ಣು ಕೊಡಲಿಲ್ವಾ?”

ಆದರೆ ನನ್ನ ಮನಸ್ಸು ಕೇಳಲಿಲ್ಲ. ನಮ್ಮ ಕಡೆ ಎಳೆ ಕೂಸಿನ ತಲೆಗೆ ರಾಗಿ ದಿಂಬೋ ಸಾಸಿವೆ ದಿಂಬೋ ಇಡುವುದು ನಿಮಗೆ ಗೊತ್ತಿರಬಹುದು. ಸಣ್ಣ ಕಾಳು ತಲೆಯ ಭಾರಕ್ಕೆ ಸರಿದು ಗುಳಿಯಾಗುತ್ತದೆ, ತಲೆ ದುಂಡಗಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನನಗೆ ಅದು ಜ್ಞಾಪಕ ಬಂದದ್ದೇ ತಡ, ಸ್ವರ್ಗ ಮೂರೇ ಗೇಣು. ಸ್ಪಂಜಿಲ್ಲ, ಕೆಮಿಕಲ್ ಇಲ್ಲ, ಹೊಲದ ರಾಗಿ! ಅಂಗಡಿಯ ರಾಗಿ ಬೇಡ, ಜಗಳೂರಿನಿಂದಲೇ ತರುತ್ತೇನೆ ಎಂದು ತೀರ್ಮಾನಿಸಿದೆ. ಬಾಣಂತಿಯ ಮಂಚಕ್ಕೆ ಹಾಸಲು ಹಳೆಯ ಮೆತ್ತನೆಯ ಕಂಬಳಿಯೊಂದನ್ನು ಅಲ್ಲಿಂದ ತರುವುದೂ ಇತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನವೇ ಜಗಳೂರಿನ ಬಸ್ಸು ಹತ್ತಿದೆ. ಮಾವ ಈಗಿಲ್ಲ. ಸರೋಜಳ ತಮ್ಮ ತಿಪ್ಪೇಶಿ ಮನೆ, ಹೊಲ, ಕುರಿ ನೋಡಿಕೊಂಡಿದ್ದಾನೆ. ನಾನು ಹೋದಾಗ ಅವನು ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಟೀ ಕೊಟ್ಟು, ಕಂಬಳಿ ಮಡಿಸಿ ಇಟ್ಟಳು. ದಿಂಬಿಗೆ ರಾಗಿ ಬೇಕು ಎಂದೆ. “ಅಟ್ಟದ ಮ್ಯಾಲೆ ಡಬ್ಬಿಯಾಗೈತೆ ಅಣ್ಣ, ಎಮ್ಮೆ ಕರೆದು ಬಂದು ತೆಗೆದು ಕೊಡ್ತೀನಿ” ಎಂದಳು. ಅಷ್ಟು ಹೊತ್ತು ಕಾಯುವ ತಾಳ್ಮೆ ಯಾರಿಗಿದೆ? ನಾನೇ ಏಣಿ ಹತ್ತಿದೆ.

ಅಟ್ಟದ ಮೇಲೆ ಎರಡು ತಗಡಿನ ಡಬ್ಬಿ ಇದ್ದವು. ಎರಡರಲ್ಲೂ ರಾಗಿ. ಒಂದರಲ್ಲಿ ಕಾಳು ಸಣ್ಣದು ದಪ್ಪದು ಎಲ್ಲ ಬೆರೆತಿತ್ತು, ಹೊಟ್ಟೂ ಇತ್ತು. ಇನ್ನೊಂದರಲ್ಲಿ ಕಾಳು ಒಂದೇ ಸಮ, ದುಂಡಗೆ, ದಪ್ಪಗೆ, ಒಳ್ಳೆ ಕೆಂಪು. ಡಬ್ಬಿಯ ಕುತ್ತಿಗೆಗೆ ಕೆಂಪು ದಾರ ಬೇರೆ ಕಟ್ಟಿತ್ತು. ಕಲಾವಿದನ ಕಣ್ಣು ಯಾವುದನ್ನು ಆರಿಸುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ದಾರವನ್ನು ನಾನು ಅಲಂಕಾರ ಅಂದುಕೊಂಡೆ. ಡಬ್ಬಿಯಲ್ಲಿದ್ದ ಒಂದೂವರೆ ಸೇರನ್ನೂ ಚೀಲಕ್ಕೆ ಸುರಿದುಕೊಂಡು, ಕೆಳಗಿಳಿದು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟೆ.

ಆ ಸಂಜೆ ಪೂರ್ತಿ ಕುಳಿತು ದಿಂಬು ಹೊಲಿದೆ. ಕಾಳಿನ ಕೆಂಪು ಬೆರಳಿಗೆ ಹತ್ತುತ್ತಿತ್ತು. ಜಗಳೂರಿನ ಕೆಮ್ಮಣ್ಣು ಎಷ್ಟು ಚೆಂದ ಎಂದು ಸರೋಜಳಿಗೆ ಬೆರಳು ತೋರಿಸಿದೆ. ಅಷ್ಟೂ ರಾಗಿಯನ್ನು ಒತ್ತಿ ಒತ್ತಿ ತುಂಬಿ ಬಾಯಿ ಹೊಲಿದೆ. ಮೂಲೆಗೆ ಗಿಳಿ ಹೆಣೆದೆ. ಮರುದಿನ ಬೆಳಿಗ್ಗೆ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತು ಸರೋಜಳ ಕೈಗೆ ಕೊಟ್ಟೆ. ಅವಳು ನನ್ನ ಮುಖ ನೋಡಿದಳು, ದಿಂಬು ನೋಡಿದಳು, ಕೂಸಿನ ತಲೆಯ ಕೆಳಗೆ ಇಟ್ಟಳು. ನನಗೆ ಎದೆ ತುಂಬಿ ಬಂತು. ನನ್ನನ್ನು ಅಲ್ಲಿ ಜಾಸ್ತಿ ಹೊತ್ತು ನಿಲ್ಲಲು ಬಿಡುತ್ತಿರಲಿಲ್ಲ, ಹಾಗಾಗಿ ಹೊರಗೆ ಬಂದು ಜಗುಲಿಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ರಾಗಿ ದಿಂಬಿನ ಮಹಿಮೆ ಹೇಳಿದೆ.

ಅದೇ ಹುರುಪಿನಲ್ಲಿ ಇನ್ನೊಂದು ಕಾನೂನನ್ನೂ ಮಾಡಿದೆ. ಎಳೆ ಕೂಸಿರುವ ಮನೆಯಲ್ಲಿ ಮೊಬೈಲ್ ಗದ್ದಲ ಇರಕೂಡದು. ಸೌಮ್ಯಳ ಫೋನೂ ಸರೋಜಳ ಫೋನೂ ಹಗಲು ಹೊತ್ತು ಬಂದ್ ಆಗಿರಬೇಕು, ಸಂಜೆ ಒಂದು ಗಂಟೆ ಹೊತ್ತು ಮಾತ್ರ ಆನ್. ಇಬ್ಬರೂ ಗೊಣಗಿಕೊಂಡೇ ಒಪ್ಪಿದರು.

ಇದಾಗಿ ಐದನೆಯ ದಿನ, ಕೂಸನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಬೀಗರನ್ನು ಕರೆಯಲು ಉಬ್ರಾಣಿಗೆ ಹೊರಟೆ. ಫೋನಿನಲ್ಲಿ ಕರೆದರೆ ಮರ್ಯಾದೆಯಲ್ಲ ಎಂದು ಸರೋಜ ಕುಂಕುಮ, ಎಲೆ ಅಡಿಕೆ, ಒಂದು ಡಬ್ಬಿ ಶೇಂಗಾ ಉಂಡೆ ಕಟ್ಟಿಕೊಟ್ಟಿದ್ದಳು. ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಉಬ್ರಾಣಿ ಬಸ್ಸಿಗೆ ಕಾಯುತ್ತಾ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದೆ. ಆಗ ತಿಪ್ಪೇಶಿಯ ಫೋನ್ ಬಂತು.

“ಭಾವ, ನಮ್ಮ ಕಡೆ ಮಳಿ ಆತು. ಬಿತ್ತಾಕೆ ಅಂತ ಅಟ್ಟ ಹತ್ತಿದ್ರೆ ಬೀಜದ ರಾಗಿ ಡಬ್ಬಿ ಖಾಲಿ ಐತೆ. ನೀವೇನಾರ ತಗಂಡು ಹೋದ್ರಾ?”

“ಹೂಂನಪ್ಪ. ಕೆಂಪು ದಾರದ್ದು. ಒಳ್ಳೆ ರಾಗಿ. ಕೂಸಿನ ದಿಂಬಿಗೆ ಹಾಕಿದೀನಿ” ಎಂದೆ ಹೆಮ್ಮೆಯಿಂದ.

ತಿಪ್ಪೇಶಿ ಕೂಗಿಕೊಂಡ.

“ಭಾವ, ಅದಕ್ಕೆ ಔಷಧಿ ಪುಡಿ ಬೆರೆಸಿಟ್ಟಿದ್ದೆ. ಹುಳ ಹಿಡೀಬಾರದು, ರೋಗ ಬರಬಾರದು ಅಂತ ಬೀಜಕ್ಕೆ ಹಾಕ್ತೀವಲ್ಲ, ಆ ಪುಡಿ. ಯಾರೂ ಮುಟ್ಟಬಾರ್ದು ಅಂತ್ಲೇ ಕೆಂಪು ದಾರ ಕಟ್ಟಿದ್ದು. ಕೂಸಿನ ತಲೆ ಕೆಳಗೆ ಇಟ್ಟೀರಾ?”

ನನ್ನ ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಎಲ್ಲಿ ಬಿತ್ತೋ ಗೊತ್ತಿಲ್ಲ. ಐದು ದಿನ. ಐದು ಹಗಲು, ಐದು ರಾತ್ರಿ. ಬೆರಳಿಗೆ ಹತ್ತಿದ್ದ ಕೆಂಪು ಮಣ್ಣಿನದಲ್ಲ. ಬಣ್ಣ ಕಲಿಸಿ ಪೆನ್ಷನ್ ತೆಗೆದುಕೊಳ್ಳುವ ನನಗೆ ರಾಗಿಯ ಕೆಂಪು ಯಾವುದು, ಔಷಧಿಯ ಕೆಂಪು ಯಾವುದು ಎಂದು ತಿಳಿಯಲಿಲ್ಲ. ಕೂಸು ಅದರ ಮೇಲೆ ಮೂಗಿಟ್ಟು ಉಸಿರಾಡುತ್ತಿದೆ.

ಸರೋಜಳಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಸೌಮ್ಯಳಿಗೆ ಮಾಡಿದೆ. ಸ್ವಿಚ್ ಆಫ್. ನನ್ನ ಕಾನೂನನ್ನು ನನ್ನ ಮನೆಯವರು ಅಷ್ಟು ಚೆನ್ನಾಗಿ ಪಾಲಿಸಿದ್ದು ಅದೇ ಮೊದಲು. ಪಕ್ಕದ ಮನೆಯವರಿಗೆ ಮಾಡಿದರೆ ಅವರು ಶಿವಮೊಗ್ಗದ ಮದುವೆಯಲ್ಲಿದ್ದರು, ಹಿಂದೆ ವಾಲಗ ಕೇಳುತ್ತಿತ್ತು. ಹೊನ್ನಾಳಿಯ ಬಸ್ಸು ಎದುರಿಗೇ ಹೊರಡುತ್ತಿತ್ತು. ಓಡಿ ಹತ್ತಿದೆ.

ಆ ಬಸ್ಸು ಎಲ್ಲಾ ಹಳ್ಳಿಯಲ್ಲೂ ನಿಂತಿತು. ಹಳ್ಳಿ ಇಲ್ಲದ ಕಡೆಯೂ ನಿಂತಿತು. ನನ್ನ ತಲೆಯಲ್ಲಿ ಲೆಕ್ಕವೇ ಬೇರೆ ನಡೆದಿತ್ತು. ನಿನ್ನೆ ಕೂಸು ಎರಡು ಸಲ ಸೀನಿತ್ತು. ಮೊನ್ನೆ ಅದರ ಕೆನ್ನೆಯ ಮೇಲೆ ಕೆಂಪು ಗುಳ್ಳೆ ಕಂಡಿದ್ದವು. ಇವತ್ತು ಬೆಳಿಗ್ಗೆ ನಾನು ಹೊರಡುವಾಗ ಅದು ಅಳಲಿಲ್ಲ. ಯಾಕೆ ಅಳಲಿಲ್ಲ? ಮೂವತ್ತೊಂದು ವರ್ಷ ಯಾರ ಮಕ್ಕಳಿಗೂ ಒಂದು ಏಟು ಹೊಡೆಯದವನು, ನನ್ನದೇ ಮನೆಯ ಹತ್ತು ದಿನದ ಕೂಸಿಗೆ ನನ್ನ ಕೈಯಾರೆ ವಿಷ ಹೊಲಿದು ಕೊಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಭಯ ಅಂದರೆ ಏನೆಂದು ಅವತ್ತು ತಿಳಿಯಿತು. ದೇವರೇ, ಅದರ ತಲೆ ಉದ್ದವೇ ಇರಲಿ, ಚೌಕವೇ ಇರಲಿ, ಕೂಸೊಂದು ಚೆನ್ನಾಗಿರಲಿ ಎಂದು ಗೊತ್ತಿದ್ದ ಎಲ್ಲಾ ದೇವರಿಗೂ ಹರಕೆ ಹೊತ್ತೆ.

ಪಕ್ಕದ ಸೀಟಿನಲ್ಲಿ ಒಬ್ಬ ಹೆಂಗಸು, ನನ್ನಷ್ಟೇ ವಯಸ್ಸಿನವಳು, ಸುತ್ತಿದ ಜೊಂಡಿನ ಚಾಪೆಯೊಂದನ್ನು ಕಾಲ ಸಂದಿಯಲ್ಲಿ ನಿಲ್ಲಿಸಿಕೊಂಡು ಕುಳಿತಿದ್ದಳು. “ಯಾಕ್ರೀ ಅಣ್ಣಾರೆ, ಹಿಂಗೆ ಬೆವರ್ತೀರಿ? ಎದಿ ನೋವಾ?” ಎಂದಳು.

ಬೇರೆ ದಿನವಾಗಿದ್ದರೆ ಪ್ಲಾಸ್ಟಿಕ್ ಚಾಪೆ ಕೊಳ್ಳದ ಅವಳಿಗೆ ಶಹಭಾಸ್ ಎನ್ನುತ್ತಿದ್ದೆ. ಅವತ್ತು ಎಲ್ಲವನ್ನೂ ಬಡಬಡ ಹೇಳಿಬಿಟ್ಟೆ. ಹೇಳುತ್ತಾ ಕಣ್ಣಲ್ಲಿ ನೀರು ಬಂತು. ಅವಳು ಸೆರಗಿನಿಂದ ತನ್ನ ಮುಖ ಒರೆಸಿಕೊಂಡು ಕೇಳಿದಳು.

“ದಿಂಬು ಹೊಲಿದಿದ್ದು ನೀವಾ?”

“ಹೂಂ.”

“ಮನಿಯಾಗೆ ಹೆಣ್ಣುಮಕ್ಕಳು ಅದಾರಲ್ಲ?”

“ನನ್ನ ಹೆಂಡತಿ ಇದಾಳೆ.”

“ಹಂಗಾರೆ ಸುಮ್ಕೆ ಕುಂತ್ಕಳ್ರಿ. ಗಂಡಸರು ಹೊಲಿದ ದಿಂಬು ಯಾರು ಕೂಸಿಗೆ ಹಾಕ್ತಾರೆ?”

ನನಗೆ ಸಿಟ್ಟು ಬಂತು. ಕಣ್ಣಾರೆ ಕಂಡಿದ್ದೇನೆ, ನನ್ನೆದುರಿಗೇ ಇಟ್ಟಿದ್ದಾಳೆ ಎಂದೆ. ಅವಳು ಚಾಪೆಯ ಮೇಲೆ ಗಲ್ಲ ಊರಿ ಕಣ್ಣು ಮುಚ್ಚಿದಳು. ಹೊನ್ನಾಳಿ ಬರುವವರೆಗೂ ತೆರೆಯಲಿಲ್ಲ.

ಸ್ಟ್ಯಾಂಡಿನಿಂದ ಮನೆಗೆ ಆಟೋ ಹಿಡಿದೆ. ಚಪ್ಪಲಿ ಸಮೇತ ನಡುಮನೆ ದಾಟಿ ಬಾಣಂತಿ ಕೋಣೆಯ ಬಾಗಿಲು ದೂಡಿದೆ. ಬಾಗಿಲು ಬರಲಿಲ್ಲ. ಒಳಗಿನಿಂದ ಏನೋ ಅಡ್ಡ ಇತ್ತು. “ಸರೋಜಾ!” ಎಂದು ಕೂಗಿ ಭುಜ ಕೊಟ್ಟು ಒತ್ತಿದೆ. ನೆಲದ ಮೇಲೆ ಏನೋ ಜರ್ರನೆ ಸರಿದು ಬಾಗಿಲು ತೆರೆಯಿತು. ನಾನು ಒಳಗೆ ಮುಗ್ಗರಿಸಿ ಬಿದ್ದೆ.

ಸೌಮ್ಯ ಮಂಚದ ಮೇಲೆ ಕುಳಿತು ಅನ್ನ ಸಾರು ಉಣ್ಣುತ್ತಿದ್ದಳು. ಕೂಸು ಅವಳ ಪಕ್ಕದಲ್ಲಿ ಕಂಬಳಿಯ ಮೇಲೆ, ನಾಲ್ಕು ಮಡಿಕೆಯ ಹಳೇ ನೂಲಿನ ಸೀರೆಯ ಮೇಲೆ, ಅಂಗಾತ ಮಲಗಿತ್ತು. ತಲೆಯ ಕೆಳಗೆ ಏನೂ ಇರಲಿಲ್ಲ. ನನ್ನ ಸದ್ದಿಗೆ ಎರಡೂ ಕೈ ಎತ್ತಿ ಬೆಚ್ಚಿ, ತಾರಕ ಸ್ವರದಲ್ಲಿ ಅತ್ತಿತು. ಅಷ್ಟು ಇಂಪಾದ ಅಳುವನ್ನು ನಾನು ಈ ಜನ್ಮದಲ್ಲಿ ಕೇಳಿಲ್ಲ.

“ಏನ್ರೀ ಇದು? ಉಬ್ರಾಣಿಗೆ ಹೋದವರು ಹಿಂಗ್ಯಾಕೆ ಬಂದು ಬಿದ್ರಿ?” ಎಂದು ಸರೋಜ ಅಡುಗೆ ಮನೆಯಿಂದ ಓಡಿ ಬಂದಳು.

“ದಿಂಬು! ದಿಂಬು ಎಲ್ಲಿ?”

ಸರೋಜ, ಸೌಮ್ಯ ಮುಖ ಮುಖ ನೋಡಿಕೊಂಡರು. ಆಮೇಲೆ ಸರೋಜ ನನ್ನ ಕಾಲ ಬಳಿ ಬೆರಳು ತೋರಿಸಿದಳು. ಬಾಗಿಲ ಸಂದಿಯಲ್ಲಿ ಗಿಳಿ ಮೇಲೆ ಮಾಡಿಕೊಂಡು ನನ್ನ ದಿಂಬು ಬಿದ್ದಿತ್ತು.

“ಆ ಬಾಗಿಲು ಗಾಳಿಗೆ ಬಡ್ಕಂತಿತ್ತು. ಕೂಸು ಬೆಚ್ಚಿ ಬೀಳ್ತೈತೆ ಅಂತ ಅದನ್ನ ಆನಿಸಿಟ್ಟಿದ್ದೆ. ಬೇಜಾರು ಮಾಡ್ಕೋಬ್ಯಾಡ್ರಿ” ಎಂದಳು.

“ಕೂಸಿಗೆ ಇಡಲಿಲ್ವಾ?”

“ನರ್ಸಮ್ಮ ಮನೆಗೆ ಕಳಿಸುವಾಗ್ಲೇ ಹೇಳಿದ್ಲು ಕಣ್ರೀ, ಯಾವ ದಿಂಬೂ ಬ್ಯಾಡ, ಉಸಿರು ಕಟ್ತೈತೆ ಅಂತ. ನೀವು ಆಟೋ ಕರೆಯಾಕೆ ಹೋಗಿದ್ರಿ. ಆಮೇಲೆ ಹೇಳಾನ ಅಂದ್ರೆ ನೀವು ಜಗಳೂರು ಬಸ್ಸು ಹತ್ತಿದ್ರಿ. ಬಂದ ಮೇಲೆ ಹೇಳಾನ ಅಂದ್ರೆ ಕಪ್ಪೆ ಹೆಣಿಯಾಕೆ ಕುಂತ್ರಿ. ಹೆಂಗೆ ಹೇಳ್ಲಿ?” ಅಷ್ಟಕ್ಕೇ ಬಿಡದೆ ಸೇರಿಸಿದಳು, “ಅದಲ್ದೆ, ರಾಗಿ ದಿಂಬು ಅಂದ್ರೆ ಅರ್ಧ ತುಂಬಬೇಕು, ಕಾಳು ಸರಿದಾಡಾಕೆ ಜಾಗ ಇರಬೇಕು. ನೀವು ಗುಂಡಕಲ್ಲು ಮಾಡಿ ಕೊಟ್ರಿ. ನಮ್ಮವ್ವ ಇದ್ದಿದ್ರೂ ಅದನ್ನ ಬಾಗಿಲಿಗೇ ಇಡ್ತಿದ್ಲು.”

“ಆವತ್ತು ನನ್ನೆದುರಿಗೆ ತಲೆ ಕೆಳಗೆ ಇಟ್ಯಲ್ಲೇ?”

“ನಿಮ್ಮ ಮುಖ ಹಂಗಿತ್ತು. ನೀವು ಜಗುಲಿಗೆ ಹೋಗಾದ್ರಾಗೆ ತೆಗೆದೆ.”

ನಾನು ನೆಲದ ಮೇಲೆ ಕುಳಿತು ಅತ್ತೆ. ಮುಚ್ಚಿಟ್ಟುಕೊಳ್ಳುವುದೇನಿದೆ, ಕೂಸಿಗಿಂತ ಜೋರಾಗಿಯೇ ಅತ್ತೆ. ತಿಪ್ಪೇಶಿ ಹೇಳಿದ್ದನ್ನು ಬಿಕ್ಕುತ್ತಾ ಹೇಳಿದೆ. ಸರೋಜಳ ಮುಖವೂ ಬಿಳಚಿಕೊಂಡಿತು. ಒಂದು ಗಳಿಗೆಯಾದರೂ ಇಟ್ಟಿದ್ದು ಹೌದಲ್ಲ ಎಂದು ಅವಳೇ ಸೆರಗು ಸುತ್ತಿಕೊಂಡು ಹೊರಟಳು. ಆಗಲೇ ಆಟೋದಲ್ಲಿ ಕೂಸನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕೂಸಿನ ಎದೆ, ಕಣ್ಣು, ಮೈ ಎಲ್ಲ ನೋಡಿದರು. ಏನೂ ಆಗಿಲ್ಲ ಎಂದರು. ಎಳೆ ಕೂಸು ಸೀನುವುದು ಸಹಜ, ಕೆನ್ನೆಯ ಗುಳ್ಳೆಯೂ ಸಹಜ, ತಲೆಯೂ ದಿನ ಕಳೆದಂತೆ ತಾನೇ ಸರಿಹೋಗುತ್ತದೆ ಎಂದರು. ಆಮೇಲೆ ನನ್ನ ಕಡೆ ನೋಡಿ, “ಅಜ್ಜಾರೆ, ನಿಮ್ಮ ಬಿಪಿ ಒಂದ್ಸಲ ನೋಡಾನ ಬರ್ರಿ” ಎಂದರು. ಅದು ಸರಿಯಿರಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ನನಗೆ ಆದ ನೆಮ್ಮದಿಯನ್ನು ಹೇಗೆ ಹೇಳಲಿ? ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬನೂ ನನ್ನ ನೆಂಟನಂತೆ ಕಂಡ. ಸರೋಜಳ ತೊಡೆಯ ಮೇಲಿದ್ದ ಕೂಸು ಆಕಳಿಸಿತು. ನಾನು ಆ ಆಕಳಿಕೆಯನ್ನು ಪೂರ್ತಿ ನೋಡಿದೆ. ಮನೆಗೆ ಬಂದವನೇ ಬೀಗರಿಗೆಂದು ಕಟ್ಟಿದ್ದ ಶೇಂಗಾ ಉಂಡೆಯ ಡಬ್ಬಿ ತೆಗೆದು ಆಟೋದವನಿಗೂ ಕೊಟ್ಟು ನಾನೂ ನಾಲ್ಕು ತಿಂದೆ.

ಮರುದಿನ ಮೊದಲ ಬಸ್ಸಿಗೆ ತಿಪ್ಪೇಶಿ ಬಂದ. ಕೂಸನ್ನು ನೋಡಿ, ಕೈ ಮುಗಿದು, ಅಕ್ಕನ ಹತ್ತಿರ ಬೈಸಿಕೊಂಡು, ನನ್ನನ್ನು ಬೈಯಬೇಕೆಂದು ಬಾಯಿ ತೆರೆದು, ಬೈಯದೆ ಮುಚ್ಚಿಕೊಂಡ. ಎಲ್ಲರೂ ಮನೆಯ ಹಿಂದೆ ಕುಳಿತೆವು. ಅವನು ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ದಿಂಬಿನ ಹೊಲಿಗೆ ಕತ್ತರಿಸಿ ರಾಗಿಯನ್ನು ತಾನು ತಂದ ಚೀಲಕ್ಕೆ ಸುರಿದುಕೊಂಡ. ನಾನು ಪ್ಲಾಸ್ಟಿಕ್ಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಸರೋಜ ಕೋಣೆಯ ನೆಲವನ್ನು ಮೂರು ಸಲ ಒರೆಸಿದಳು. ಚೀಲವನ್ನು ಎಸೆಯುತ್ತಾಳೆ ಅಂದುಕೊಂಡೆ. ಬಿಸಿನೀರಿನಲ್ಲಿ ಸೋಪು ಹಾಕಿ ನಾಲ್ಕು ದಿನ ತೊಳೆದು ಬಿಸಿಲಿಗೆ ಹಾಕಿ ತೆಗೆದಿಟ್ಟಳು. ಯಾಕೆ ಎಂದರೆ, “ನೀವು ಮುಂದೆ ಏನಾದ್ರೂ ಭಾಷಣ ಶುರು ಮಾಡಿದ್ರೆ ತೋರ್ಸಾಕೆ” ಎಂದಳು.

“ಹದ ಐತೆ, ನಾಳೆನೇ ಸಸಿ ಮಡಿಗೆ ಚೆಲ್ತೀನಿ” ಎಂದು ತಿಪ್ಪೇಶಿ ಮಧ್ಯಾಹ್ನದ ಬಸ್ಸಿಗೆ ಹೊರಟ. ಬೀಗರನ್ನು ಕರೆಯಲು ಈ ಸಲ ಸರೋಜಳೇ ಉಬ್ರಾಣಿಗೆ ಹೋಗಿ ಬಂದಳು. ತೊಟ್ಟಿಲ ಶಾಸ್ತ್ರ ಚೆನ್ನಾಗಿ ಆಯಿತು. ಮೊಬೈಲಿನ ಕಾನೂನನ್ನು ನಾನೇ ರದ್ದು ಮಾಡಿದೆ. ಕೂಸಿನ ತಲೆ ಯಾವಾಗ ದುಂಡಗಾಯಿತೋ ನಾನು ನೋಡಲೇ ಇಲ್ಲ. ಒಂದು ದಿನ ಯಾರೋ ಬಂದವರು ಹೇಳಿದ ಮೇಲೆ ಹೌದಲ್ಲ ಅಂದುಕೊಂಡೆ.

ಕೂಸಿಗೆ ಆರು ತಿಂಗಳು ತುಂಬಿದಾಗ ಚಳಿ ಬಿದ್ದಿತ್ತು. ತಾಯಿ ಹಾಲಿನ ಜೊತೆ ಏನಾದರೂ ತಿನ್ನಿಸಲು ಶುರು ಮಾಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಸೌಮ್ಯ ಉಬ್ರಾಣಿಯಿಂದ ಬಂದಿದ್ದಳು. ಅದೇ ಹೊತ್ತಿಗೆ ತಿಪ್ಪೇಶಿ ಹೆಗಲ ಮೇಲೆ ಒಂದು ಚೀಲ ಹೊತ್ತುಕೊಂಡು ಬಂದ. ಹೊಸ ರಾಗಿ.

“ಅದೇ ಬೀಜ ಭಾವ. ನೀವು ದಿಂಬು ಮಾಡಿದ್ದು. ಮುಕ್ಕಾಲು ಎಕರೆಗೆ ಸಸಿ ಆತು. ಈ ವರ್ಷ ತೆನಿ ಹೆಂಗೆ ಬಂದಿದ್ವು ಅಂತೀರಿ!”

ಸರೋಜ ಆ ರಾಗಿಯನ್ನು ತೊಳೆದು, ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ಬಿಳಿ ಬಟ್ಟೆಯಲ್ಲಿ ಸೋಸಿದಳು. ಹಿಟ್ಟು ಬಟ್ಟೆಯಿಂದ ಇಳಿಯುವಾಗ ನಾನು ಪಕ್ಕದಲ್ಲೇ ಕುಳಿತು ಬಟ್ಟೆಗೆ ಬಣ್ಣ ಹತ್ತುತ್ತದೆಯೇ ಎಂದು ನೋಡಿದೆ. ಹತ್ತಲಿಲ್ಲ. ಆದರೂ ಕೂಸಿಗೆ ತಿನ್ನಿಸುವ ದಿನ ತಿಪ್ಪೇಶಿ ಮತ್ತೆ ಬಂದಾಗ, ಒಲೆಯ ಮೇಲೆ ರಾಗಿ ಸರಿ ಕುದಿಯುತ್ತಿರುವಾಗಲೇ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮೆಲ್ಲಗೆ ಕೇಳಿದೆ.

“ಇದಕ್ಕೆ ಏನೂ ಹಾಕಿಲ್ಲ ತಾನೆ?”

ಅವನು ಹಿತ್ತಲ ಬಾಗಿಲ ಬಳಿ ಇಟ್ಟಿದ್ದ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಹಸಿ ರಾಗಿ ತೆಗೆದು ಬಾಯಿಗೆ ಹಾಕಿಕೊಂಡು ಕಟಕಟ ಅಗಿದ. ಪೂರ್ತಿ ಅಗಿದು ನುಂಗುವವರೆಗೆ ನನ್ನ ಮುಖವನ್ನೇ ನೋಡುತ್ತಾ ನಿಂತ.

ನಡುಮನೆಯಲ್ಲಿ ಕಂಬಳಿ ಹಾಸಿ ಸೌಮ್ಯ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಸರೋಜ ಬೆಳ್ಳಿ ಬಟ್ಟಲಿನಲ್ಲಿ ರಾಗಿ ಸರಿಯನ್ನು ತಣ್ಣಗೆ ಆರಿಸಿ, ಚಮಚ ನನ್ನ ಕಡೆ ಚಾಚಿದಳು. “ನೀವೇ ತಿನ್ಸಿ” ಎಂದಳು. ನಾನು ಬೇಡ ಎಂದೆ. ನನ್ನ ಕೈಯಿಂದ ಬೇಡ ಎಂದೆ. ಅವಳು ಚಮಚ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮೊದಲ ಚಮಚವನ್ನು ಕೂಸು ನಾಲಗೆಯಿಂದ ಹೊರಕ್ಕೆ ತಳ್ಳಿ ನನ್ನ ಅಂಗಿಯ ಮೇಲೆ ಇಳಿಸಿತು. ಎಲ್ಲರೂ ನಕ್ಕರು. ಎರಡನೆಯದನ್ನು ಬಾಯಲ್ಲಿ ಇಟ್ಟುಕೊಂಡು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನನ್ನನ್ನು ದಿಟ್ಟಿಸಿತು. ಆಮೇಲೆ ಅದರ ಪುಟ್ಟ ಗಂಟಲು ಒಂದು ಸಲ ಅಲ್ಲಾಡಿತು, ಮತ್ತೆ ಬೇಕೆಂದು ಬಾಯಿ ತೆರೆಯಿತು. ಜೂನ್ ತಿಂಗಳಿನಿಂದ ಹಿಡಿದಿಟ್ಟುಕೊಂಡಿದ್ದ ಉಸಿರನ್ನು ನಾನು ಆಗ ಬಿಟ್ಟೆ.